ನವಜಾತ ಶಿಶುವಿಗೆ ಸಿಎಂವಿ ತಪಾಸಣೆ: 21 ದಿನಗಳ ಗಡುವು

ಯಾವ ವೈರಸ್?

ಸೈಟೊಮೆಗಲೊವೈರಸ್, ಚಿಕ್ಕದಾಗಿ ಸಿಎಂವಿ, ಹರ್ಪಿಸ್ ಕುಟುಂಬಕ್ಕೆ ಸೇರಿದ್ದು. ನಮ್ಮಲ್ಲಿ ಹೆಚ್ಚಿನವರಿಗೆ ಚಿಕ್ಕಂದಿನಲ್ಲೇ ತಗುಲಿ, ಗೊತ್ತೇ ಆಗದಂತೆ ಮೈಯೊಳಗೆ ಉಳಿದುಬಿಡುತ್ತದೆ. ಗರ್ಭಿಣಿಯಲ್ಲಿ ಅದು ಮತ್ತೆ ಎದ್ದರೆ, ಇಲ್ಲವೇ ಬೇರೊಂದು ತಳಿ ಹೊಸದಾಗಿ ಅಂಟಿದರೆ, ಮಾಸು ದಾಟಿ ಮಗುವನ್ನು ಸೇರಬಹುದು. ಪುಟ್ಟ ಮಕ್ಕಳ ಜೊಲ್ಲು, ಮೂತ್ರದಲ್ಲಿ ಈ ವೈರಸ್ ಧಾರಾಳ. ಮೊದಲ ಮಗು ಡೇಕೇರ್‌ಗೆ ಹೋಗುತ್ತಿದ್ದರೆ ಬಸುರಿ ತಾಯಿ ಅದರ ಎಂಜಲು ಚಮಚ ಬಳಸಬಾರದು. ಡೈಪರ್ ಬದಲಿಸಿದ ಮೇಲೆ ಸೋಪು ಹಾಕಿ ಕೈ ತೊಳೆಯಬೇಕು.

ಸೋಂಕಿನೊಂದಿಗೆ ಹುಟ್ಟುವ ಹತ್ತು ಶಿಶುಗಳಲ್ಲಿ ಸುಮಾರು ಒಂಬತ್ತು ಆರೋಗ್ಯವಾಗಿಯೇ ಕಾಣುತ್ತವೆ. ಸಣ್ಣ ತಲೆ, ಕಾಮಾಲೆ, ಮೈಮೇಲೆ ಕೆಂಪು ಚುಕ್ಕೆ ಕಾಣುವುದು ಉಳಿದವುಗಳಲ್ಲಿ. ಆದರೆ ಆರೋಗ್ಯವಾಗಿ ಕಂಡವುಗಳಲ್ಲೂ ನೂರಕ್ಕೆ 10ರಿಂದ 15 ಮಕ್ಕಳ ಶ್ರವಣಶಕ್ತಿ ಕುಂದುತ್ತದೆ, ಕೆಲವೊಮ್ಮೆ ಹುಟ್ಟಿ ವರ್ಷಗಳು ಕಳೆದ ಮೇಲೆ.

ಗಡುವು ಏಕೆ?

ಮಗುವಿನ ಮೂತ್ರ ಅಥವಾ ಜೊಲ್ಲಿನ ಪಿಸಿಆರ್ ಪರೀಕ್ಷೆ ಹುಟ್ಟಿದ 21 ದಿನಗಳೊಳಗೆ ಆಗಬೇಕು. ಆಮೇಲೆ ವೈರಸ್ ಸಿಕ್ಕರೂ ಅದು ಗರ್ಭದಲ್ಲೇ ಬಂದದ್ದೋ, ಎದೆಹಾಲಿನಿಂದ ಬಂದದ್ದೋ ಹೇಳಲಾಗದು. ಜೊಲ್ಲನ್ನು ಹಾಲು ಕುಡಿಸಿ ಗಂಟೆಯಾದ ಮೇಲೆ ತೆಗೆಯಬೇಕು. ಪಾಸಿಟಿವ್ ಬಂದರೆ ಮೂತ್ರದಲ್ಲಿ ಖಚಿತಪಡಿಸಿಕೊಳ್ಳಬೇಕು. ತಾಯಿಯ ಟಾರ್ಚ್ (ಸೋಂಕುಗಳ ರಕ್ತಪರೀಕ್ಷೆ) ವರದಿಯಲ್ಲಿ ಸಿಎಂವಿ ಐಜಿಜಿ ಪ್ರತಿಕಾಯ ಪಾಸಿಟಿವ್ ಎಂದಷ್ಟೇ ಇದ್ದರೆ ಅದು ಹಳೆಯ ಸೋಂಕಿನ ಗುರುತು, ಮಗುವಿಗೆ ತಗುಲಿದೆ ಎಂಬುದಕ್ಕೆ ಸಾಕ್ಷಿಯಲ್ಲ. ದಿನ ತುಂಬಿ ಹುಟ್ಟಿದ ಮಗುವಿಗೆ ಈ ಭಯದಿಂದ ಎದೆಹಾಲು ನಿಲ್ಲಿಸಲೇಬಾರದು.

ಖರಾಡಿಯ ಬಾಣಂತನ

ಪುಣೆಯ ಖರಾಡಿಯಲ್ಲಿ, ಇಯಾನ್ ಐಟಿ ಪಾರ್ಕಿನ ಸುತ್ತಲಿನ ಫ್ಲ್ಯಾಟುಗಳಲ್ಲಿ, ಬೆಳಗಾವಿ, ವಿಜಯಪುರ, ಕಲಬುರಗಿ ಕಡೆಯಿಂದ ಬಂದ ದಂಪತಿಗಳಿದ್ದಾರೆ. ಹೆರಿಗೆ ಇಲ್ಲಿ, ಬಾಣಂತನ ತವರಿನಲ್ಲಿ ಎಂದಾಗ ಮಗುವಿನ ಕಾಗದಪತ್ರ ಎರಡು ಊರಿಗೆ ಹಂಚಿಹೋಗುತ್ತವೆ. ಮೊದಲ ಕಿವಿ ಪರೀಕ್ಷೆಯ ವರದಿಯಲ್ಲಿ ‘ರೆಫರ್’, ಅಂದರೆ ಪಾಸಾಗಿಲ್ಲ, ಎಂದಿದ್ದರೆ, ಕಿವಿಯೊಳಗೆ ಇನ್ನೂ ದ್ರವವಿರಬಹುದು ಎಂದುಕೊಂಡು ತಿಂಗಳು ಕಾಯುವುದು ಸಹಜ. ದ್ರವವೇ ಕಾರಣವಿರಲೂಬಹುದು. ಆದರೆ ಆ ತಿಂಗಳಲ್ಲೇ ಗಡುವು ಮುಗಿದಿರುತ್ತದೆ! ‘ರೆಫರ್’ ಕಂಡ ದಿನವೇ, ಡಿಸ್ಚಾರ್ಜಿಗೆ ಮುಂಚೆ, ಮಕ್ಕಳ ವೈದ್ಯರಲ್ಲಿ ಸಿಎಂವಿ ಪರೀಕ್ಷೆ ಕೇಳಿ. ತೊಟ್ಟಿಲ ಶಾಸ್ತ್ರದ ಗಡಿಬಿಡಿಯಲ್ಲಿ ಇದು ಮರೆಯದಿರಲಿ.

ಬೇರೆಡೆ, ನಮ್ಮಲ್ಲಿ

ಕಿವಿ ಪರೀಕ್ಷೆಯಲ್ಲಿ ಪಾಸಾಗದ ಶಿಶುಗಳಿಗೆ ಸಿಎಂವಿ ಪರೀಕ್ಷೆಯನ್ನು ಅಮೆರಿಕದ ಯೂಟಾ 2013ರಲ್ಲೇ ಕಾನೂನಾಗಿಸಿತು. ಕೆನಡಾದ ಒಂಟಾರಿಯೊ 2019ರಲ್ಲಿ, ಅಮೆರಿಕದ ಮಿನೆಸೋಟಾ 2023ರಲ್ಲಿ ಎಲ್ಲ ಶಿಶುಗಳಿಗೂ ತಪಾಸಣೆ ಆರಂಭಿಸಿದವು. ಅಲ್ಲಿ ಹಿಮ್ಮಡಿ ಚುಚ್ಚಿ ತೆಗೆದ ಒಣ ರಕ್ತದ ಚುಕ್ಕೆ ಸಾಕು, ಆದರೆ ಅದರಲ್ಲಿ ಕೆಲವು ಸೋಂಕು ತಪ್ಪಿಹೋಗುತ್ತವೆ. ಭಾರತದಲ್ಲಿ ಇಂಥ ರಾಷ್ಟ್ರೀಯ ಕಾರ್ಯಕ್ರಮವಿಲ್ಲ. ಹಾಗಾಗಿ ಕೇಳುವ ಹೊಣೆ ಮನೆಯವರ ಮೇಲೆ ಬೀಳುತ್ತದೆ.

ಸೋಂಕು ಸಿಕ್ಕರೆ

ಲಕ್ಷಣಗಳಿರುವ ಶಿಶುಗಳಿಗೆ ಮೊದಲ ತಿಂಗಳಲ್ಲೇ ಶುರುಮಾಡಿ ಆರು ತಿಂಗಳು ವ್ಯಾಲ್‌ಗ್ಯಾನ್‌ಸಿಕ್ಲೊವಿರ್ ಕೊಡುವುದುಂಟು. ಬಿಳಿ ರಕ್ತಕಣ ಕುಸಿಯುವ ಅಪಾಯವಿರುವುದರಿಂದ ಆಗಾಗ ರಕ್ತಪರೀಕ್ಷೆ ಬೇಕು. ಎಲ್ಲ ಮಕ್ಕಳಿಗೂ ಈ ಔಷಧವಲ್ಲ. ಕಿವಿ ಪರೀಕ್ಷೆ ಮಾತ್ರ ಎಲ್ಲರಿಗೂ, ವರ್ಷಗಟ್ಟಲೆ. ಶ್ರವಣ ಸಾಧನವೋ ಕಾಕ್ಲಿಯರ್ ಇಂಪ್ಲಾಂಟೋ ಬೇಕಾದರೆ, ಮನೆಮಾತು ಕನ್ನಡವೆಂದು ವಾಕ್ ಚಿಕಿತ್ಸಕರಿಗೆ ಮೊದಲೇ ಹೇಳಿ. ಕನ್ನಡದಲ್ಲೇ ತರಬೇತಿ ಬೇಕೆನ್ನುವವರಿಗೆ ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಇದೆ.