ವಲಯಾಕಾರದ ಮೇದೋಜೀರಕವೂ ಅದರ ದರ್ಶನವೂ

ಗರ್ಭಸ್ಥ ಶಿಶುವಿನಲ್ಲಿ ಮೇದೋಜೀರಕ ಗ್ರಂಥಿಯು ಎರಡು ಅಂಕುರಗಳಿಂದ ಹುಟ್ಟುವುದು. ಮುಂದಿನ ಅಂಕುರವು ತಿರುಗಿ ಹಿಂದಿನದನ್ನು ಕೂಡುವುದು ಪ್ರಕೃತಿನಿಯಮ. ಅಪರೂಪವಾಗಿ ಈ ಕ್ರಮವು ತಪ್ಪಿದಲ್ಲಿ ಗ್ರಂಥಿಯು ಉಂಗುರದಂತೆ ಸಣ್ಣ ಕರುಳಿನ ಮೊದಲ ಭಾಗವನ್ನು ಸುತ್ತಿ ಬಿಗಿಯುವುದು. ಇದನ್ನು ಹೈಡೆಲ್‌ಬರ್ಗಿನ ಶಾರೀರಜ್ಞನಾದ ಟೀಡೆಮಾನನು 1818ರಲ್ಲಿ ವರ್ಣಿಸಿದನು. 1862ರಲ್ಲಿ ಎಕರನು ವಲಯಾಕಾರದ ಗ್ರಂಥಿಯೆಂಬರ್ಥದ ಹೆಸರನ್ನಿತ್ತನು. ಆಗ ಶವಚ್ಛೇದದಿಂದಲ್ಲದೆ ಇದು ಕಾಣುತ್ತಿರಲಿಲ್ಲ. ಅರಿವು ಒದಗುವ ವೇಳೆಗೆ ರೋಗಿಯೇ ಉಳಿದಿರುತ್ತಿರಲಿಲ್ಲ.

1895ರಲ್ಲಿ ರಂಟ್‌ಗೆನ್ನನು ಕ್ಷ-ಕಿರಣಗಳನ್ನು ಕಂಡುಹಿಡಿದುದು ಈ ಕೊರತೆಯನ್ನು ನೀಗುವ ಮೊದಲ ಹೆಜ್ಜೆಯಾಯಿತು. ವಾಂತಿಯಿಂದ ಬಳಲುವ ನವಜಾತ ಶಿಶುವಿನ ಉದರಚಿತ್ರದಲ್ಲಿ ಜಠರದಲ್ಲೊಂದು, ಕರುಳಿನಲ್ಲೊಂದು, ಹೀಗೆ ಗಾಳಿಯ ಎರಡು ಗುಳ್ಳೆಗಳು ತೋರುವುವು. ಆದರೆ ಕರುಳು ಮುಚ್ಚಿಯೇ ಹುಟ್ಟಿದ ಶಿಶುವಿನಲ್ಲಿಯೂ ಅವೇ ತೋರುವುದರಿಂದ, ಅವು ತಡೆಯನ್ನು ಸೂಚಿಸುವುವೇ ಹೊರತು ಅದರ ಕಾರಣವನ್ನಲ್ಲ. 1968ರಲ್ಲಿ ಅಮೆರಿಕದ ಮೆಕ್ಯೂನ್ ಮೊದಲಾದವರು ದರ್ಶಕನಳಿಗೆಯ ಮೂಲಕ ಗ್ರಂಥಿಯ ನಾಳಕ್ಕೆ ದ್ರವವನ್ನು ಹಾಯಿಸಿ ಚಿತ್ರ ತೆಗೆದ ಬಳಿಕ, ಕರುಳನ್ನು ಬಳಸಿದ ನಾಳವನ್ನೇ ಜೀವಂತರಲ್ಲಿ ನೋಡುವ ಮಾರ್ಗವು ದೊರೆಯಿತು. 1991ರಿಂದೀಚೆಗೆ ಎಂ.ಆರ್.ಐ. ಚಿತ್ರಣವು ನಳಿಗೆಯನ್ನೂ ಇಳಿಸದೆ ನಾಳವನ್ನು ತೋರಿಸತೊಡಗಿತು. ಉಂಗುರವಿದ್ದೂ ಬಾಧೆಯಿಲ್ಲದೆ ಬಾಳುವವರುಂಟೆಂಬುದು ಇಂಥ ಚಿತ್ರಗಳಿಂದ ಹೆಚ್ಚು ಸ್ಪಷ್ಟವಾಯಿತು. ಶಸ್ತ್ರವು ಯಾರಿಗೆ ಬೇಕು, ಯಾರಿಗೆ ಬೇಡ ಎಂಬ ವಿವೇಕಕ್ಕೆ ದರ್ಶನವೇ ಆಧಾರ.