ಕಾಡಂಚಿನ ದಾರಿಯಲ್ಲಿ ಒಂದು ದಿನ: ನಮ್ಮ ಸೀಮೆಯ ಚರಿತ್ರೆ

'ದೇಶ ಸುತ್ತು, ಕೋಶ ಓದು' ಎಂದು ಹಿರಿಯರು ಹೇಳಿದ್ದಾರೆ. ಕೋಶ ಓದುವ ಯೋಗ ನಮಗೆ ಎಸ್.ಎಸ್.ಎಲ್.ಸಿ.ಗೆ ಮುಗಿಯಿತು. ದೇಶ ಸುತ್ತೋಣವೆಂದರೆ ಬೆಳಿಗ್ಗೆ ಸಂಜೆ ಹಾಲು ಕರೆಯುವವನಿಗೆ ಬಿಡುವು ಎಲ್ಲಿಂದ ಬರಬೇಕು? ಹೀಗಾಗಿ ನಮ್ಮ ಹಾಲು ಉತ್ಪಾದಕರ ಸಹಕಾರ ಸಂಘದ ಬೆಳ್ಳಿ ಹಬ್ಬ ಬರುವ ಹೊತ್ತಿಗೆ ನಾವು ನೋಡಿದ ದೇಶವೆಂದರೆ ಗುಂಡ್ಲುಪೇಟೆ ಸಂತೆ, ಚಾಮರಾಜನಗರದ ಕಚೇರಿ, ನಂಜನಗೂಡಿನ ಜಾತ್ರೆ ಇಷ್ಟೇ ಆಗಿತ್ತು.

ಆದ್ದರಿಂದ ಆಡಳಿತ ಮಂಡಳಿಯ ಸಭೆಯಲ್ಲಿ ನಾವೊಂದು ಮಾತು ಎತ್ತಿದೆವು. ಪ್ರವಾಸ ಅಂತ ದೂರ ಹೋಗುವುದು ಬೇಡ, ನಮ್ಮ ಸೀಮೆಯನ್ನೇ ಒಂದು ದಿನ ನೋಡಿಕೊಂಡು ಬರೋಣ ಎಂದು. 'ನಮ್ಮೂರ ಸುತ್ತಮುತ್ತ ನೋಡೋದೇನಿದ್ದದು, ಕಲ್ಲು ಮುಳ್ಳು ಬಿಟ್ರೆ?' ಎಂದು ಕೆಲವರು ನಕ್ಕರು. ಕೊನೆಗೆ ಸಂಘದ ದುಡ್ಡು ಮುಟ್ಟುವುದಿಲ್ಲ, ಬರುವವರು ತಮ್ಮ ತಮ್ಮ ಪಾಲು ಹಾಕಿಕೊಳ್ಳುವುದು ಎಂದು ತೀರ್ಮಾನವಾಯಿತು. 2024ರ ಸಂಕ್ರಾಂತಿ ಕಳೆದ ಮೇಲೆ ಒಂದು ಭಾನುವಾರ, ಬೆಳಗಿನ ಹಾಲು ಅಳೆದು ಕ್ಯಾನು ಕಳಿಸಿದ ಮೇಲೆ, ಮಿನಿ ಬಸ್ಸಿನಲ್ಲಿ ಇಪ್ಪತ್ತಾರು ಜನ ಹೊರಟೆವು. ಹೆಣ್ಣುಮಕ್ಕಳು ಬುತ್ತಿ ಕಟ್ಟಿಕೊಂಡಿದ್ದರು.

ದಾರಿ ತೋರಿಸಲು ಇಬ್ಬರು. ಚರಿತ್ರೆ ಹೇಳಲು ನಮಗೆ ಪಾಠ ಹೇಳಿದ್ದ ನಿವೃತ್ತ ಮೇಷ್ಟ್ರು. ಕಾಡು ಹೇಳಲು ಒಬ್ಬ ವಾಚರ್ ತಾತ. ಇವರು ಜೇನುಕುರುಬರು, ಬಹಳ ವರ್ಷ ಕಾಡಿನಲ್ಲಿ ಬೆಂಕಿ ಕಾವಲು ಕೆಲಸ ಮಾಡಿದವರು. ಮೇಷ್ಟ್ರಿಗೆ ಇಸವಿ ಗೊತ್ತು, ತಾತನಿಗೆ ಹೆಜ್ಜೆ ಗೊತ್ತು.

ಮೊದಲು ತೆರಕಣಾಂಬಿ. ನಾವೆಲ್ಲ ನೂರು ಸಲ ಹಾದು ಹೋಗಿರುವ ಊರು. ಆದರೆ ಹಳೇ ದೇವಸ್ಥಾನಗಳ ಮುಂದೆ ನಿಂತು ತಲೆಯೆತ್ತಿ ನೋಡಿದ್ದು ಅಂದೇ. ತ್ರಿಕದಂಬಾ ಎಂಬ ದೇವಿಯಿಂದ ಊರಿಗೆ ಹೆಸರು ಬಂತು ಎನ್ನುತ್ತಾರೆ. ಉಮ್ಮತ್ತೂರು ದೊರೆಗಳು ಈ ಸೀಮೆಯನ್ನು ಆಳುತ್ತಿದ್ದ ಕಾಲದಲ್ಲಿ ಇದು ದೊಡ್ಡ ಊರು. ವಿಜಯನಗರದ ಕೃಷ್ಣದೇವರಾಯನು ಪಟ್ಟಕ್ಕೆ ಬಂದ ಹೊಸದರಲ್ಲೇ ಸೈನ್ಯ ಕಟ್ಟಿಕೊಂಡು ಬಂದು ಉಮ್ಮತ್ತೂರಿನವರನ್ನು ಮಣಿಸಿದ. ಅಷ್ಟು ದೂರದ ಹಂಪೆಯ ದೊರೆಗೂ ಈ ಒಣ ಸೀಮೆ ಬೇಕಾಗಿತ್ತೆ ಎಂದು ನಾವು ಕೇಳಿದೆವು. ಮೇಷ್ಟ್ರು, 'ಬೇಕಾಗಿದ್ದು ಬರೀ ನೆಲ ಅಲ್ಲಪ್ಪ, ದಾರಿ. ಮೈಸೂರು ಸೀಮೆಯಿಂದ ಘಟ್ಟದ ಕೆಳಕ್ಕೆ ಹೋಗೋರು, ಬರೋರು ಎಲ್ಲ ಈ ಕಡೆ ಹಾಯಬೇಕು' ಎಂದರು. ಇವತ್ತಿಗೂ ಗುಂಡ್ಲುಪೇಟೆಯಲ್ಲಿ ನಿಂತರೆ ಒಂದು ರಸ್ತೆ ಊಟಿಗೆ, ಒಂದು ರಸ್ತೆ ಕೇರಳದ ಸುಲ್ತಾನ್ ಬತ್ತೇರಿಗೆ. ಆ ಬತ್ತೇರಿ ಎಂಬ ಹೆಸರೂ ಟಿಪ್ಪು ಸುಲ್ತಾನನ ಕಾಲದ್ದೇ.

ಗುಂಡ್ಲುಪೇಟೆಯ ಹಳೆಯ ಹೆಸರು ವಿಜಯಪುರ. ಇಲ್ಲಿ ವಿಜಯನಾರಾಯಣ ಸ್ವಾಮಿ ದೇವಸ್ಥಾನವಿದೆ. ಪರವಾಸುದೇವ ದೇವಸ್ಥಾನವೂ ಇದೆ. ಅದು ಬಹಳ ಕಾಲ ಪಾಳು ಬಿದ್ದಿತ್ತು. ಇದನ್ನು ಕಟ್ಟಿಸಿದವರು ಮೈಸೂರಿನ ಚಿಕ್ಕದೇವರಾಜ ಒಡೆಯರು, ತಮ್ಮ ತಂದೆಯ ನೆನಪಿಗಾಗಿ. ಮೈಸೂರಿನ ದೊರೆ ಶ್ರೀರಂಗಪಟ್ಟಣ ಬಿಟ್ಟು ಇಲ್ಲೇಕೆ ಕಟ್ಟಿಸಿದರು? ಅದಕ್ಕೊಂದು ಕಥೆಯಿದೆ. ಪಟ್ಟಕ್ಕೆ ಬರುವ ಮುಂಚೆ ಚಿಕ್ಕದೇವರಾಜರನ್ನು ಅವರ ತಂದೆಯ ಜೊತೆ ನಮ್ಮ ಹಂಗಳದಲ್ಲಿ ಸೆರೆಯಲ್ಲಿಟ್ಟಂತೆ ಇಟ್ಟಿದ್ದರು. ಗೋಪಾಲಸ್ವಾಮಿ ಬೆಟ್ಟವನ್ನು ದಿನವೂ ನೋಡುತ್ತಾ ಯೌವನ ಕಳೆದ ಮನುಷ್ಯ 1673ರಲ್ಲಿ ಸಿಂಹಾಸನ ಏರಿದರು, 1704ರವರೆಗೆ ಆಳಿದರು.

ನಮ್ಮಂತಹ ಹಾಲಿನ ಸಂಘದವರು ಇವರನ್ನು ಇನ್ನೊಂದು ಕಾರಣಕ್ಕೆ ನೆನೆಯಬೇಕು. ಅರಮನೆಯ ಹಸುಗಳಿಗಾಗಿ 'ಬೆಣ್ಣೆ ಚಾವಡಿ' ಎಂಬ ಇಲಾಖೆಯನ್ನೇ ನಡೆಸಿದವರು ಇವರು. ಮುಂದೆ ಟಿಪ್ಪು ಸುಲ್ತಾನ್ ಅದಕ್ಕೆ 'ಅಮೃತ ಮಹಲ್' ಎಂದು ಹೆಸರಿಟ್ಟರು. ಆ ತಳಿಯ ಎತ್ತುಗಳು ಫಿರಂಗಿ ಎಳೆದವು, ದಂಡಿನ ಸಾಮಾನು ಹೊತ್ತವು. ಹಾಲು ಬೆಣ್ಣೆಗೂ ಲೆಕ್ಕ, ದಫ್ತರ, ಕಾವಲು ಇರಬೇಕೆಂಬುದು ಮುನ್ನೂರು ವರ್ಷದ ಹಿಂದೆಯೇ ನಮ್ಮ ನಾಡಿಗೆ ಗೊತ್ತಿತ್ತು. ಈ ಮಾತು ಕೇಳಿ ನಮ್ಮ ಸಂಘದ ಕಾರ್ಯದರ್ಶಿಗಳು ಬಸ್ಸಿನಲ್ಲಿ ಸ್ವಲ್ಪ ನೆಟ್ಟಗೆ ಕುಳಿತರು!

ಹಂಗಳದ ಹತ್ತಿರ ಬಲಕ್ಕೆ ತಿರುಗಿದರೆ ಹಿಮವದ್ ಗೋಪಾಲಸ್ವಾಮಿ ಬೆಟ್ಟದ ದಾರಿ. ಆ ಹೊತ್ತಿಗೆ ಬಿಸಿಲು ಏರಿತ್ತು. ಎರಡೂ ಕಡೆ ಬರೀ ಹೊಲ. 2023ರ ಮಳೆ ಕೈಕೊಟ್ಟಿದ್ದು ಎಲ್ಲರಿಗೂ ನೆನಪಿದೆ. ಹುರಳಿ ಕಡ್ಡಿಯೂ ಸರಿಯಾಗಿ ಏಳಲಿಲ್ಲ, ಜೋಳ ಮೊಣಕಾಲುದ್ದಕ್ಕೆ ಒಣಗಿತು. ಹಸುಗಳಿಗೆ ಮೇವು ದುಡ್ಡು ಕೊಟ್ಟು ತಂದ ವರ್ಷ ಅದು. ಘಟ್ಟದ ಆಚೆ ವಯನಾಡಿನಲ್ಲಿ ಹೊಯ್ಯುವ ಮಳೆ ಈಚೆ ಬರುವಷ್ಟರಲ್ಲಿ ಮೋಡ ಖಾಲಿಯಾಗಿರುತ್ತದೆ. ಇದಕ್ಕೆ ಮಳೆ ನೆರಳಿನ ಪ್ರದೇಶ ಎನ್ನುತ್ತಾರೆಂದು ಮೇಷ್ಟ್ರು ಹೇಳಿದರು. ನೆರಳು ಅಂದರೆ ತಂಪು ಎಂದು ತಿಳಿದಿದ್ದೆವು, ಈ ನೆರಳು ಸುಡುವ ನೆರಳು. ಈ ಬೆಟ್ಟದ ಸಾಲಿನಲ್ಲಿ ಹುಟ್ಟಿ ನಂಜನಗೂಡಿನ ಹತ್ತಿರ ಕಬಿನಿ ಸೇರುವ ನಮ್ಮ ಗುಂಡ್ಲು ಹೊಳೆಯಲ್ಲಿ ವರ್ಷದ ಬಹುಪಾಲು ಮರಳು, ಜೊಂಡು ಬಿಟ್ಟರೆ ಏನೂ ಇರುವುದಿಲ್ಲ. ಈಚಿನ ವರ್ಷಗಳಲ್ಲಿ ಕಬಿನಿ ನೀರನ್ನು ಎತ್ತಿ ತಾಲ್ಲೂಕಿನ ಕೆಲವು ಕೆರೆಗಳಿಗೆ ತುಂಬಿಸಿರುವುದು ಒಂದು ಪುಣ್ಯ.

ಬೆಟ್ಟದ ಬುಡದಲ್ಲಿ ನಮ್ಮ ಬಸ್ಸು ನಿಲ್ಲಿಸಿ ಸರ್ಕಾರಿ ಬಸ್ಸು ಹತ್ತಿದೆವು. ಖಾಸಗಿ ಗಾಡಿ ಮೇಲಕ್ಕೆ ಬಿಡುವುದಿಲ್ಲ. ಬೆಟ್ಟದ ಎತ್ತರ 1454 ಮೀಟರ್. ಮೇಲೆ ವೇಣುಗೋಪಾಲನ ಗುಡಿ. 1315ರ ಸುಮಾರಿಗೆ, ಹೊಯ್ಸಳ ಬಲ್ಲಾಳನ ಕಾಲದಲ್ಲಿ ಕಟ್ಟಿದ್ದೆಂದು ಹೇಳುತ್ತಾರೆ. ಹತ್ತಿರದ ಹಂಸತೀರ್ಥದಲ್ಲಿ ಕಾಗೆಯೊಂದು ಮುಳುಗಿ ಹಂಸವಾಯಿತು, ಅಂದಿನಿಂದ ಬೆಟ್ಟದಲ್ಲಿ ಕಾಗೆಯೇ ಇಲ್ಲವೆಂಬುದು ಪ್ರತೀತಿ. ನಮ್ಮ ಹೆಣ್ಣುಮಕ್ಕಳು ಬಹಳ ಹೊತ್ತು ಕಾಗೆ ಹುಡುಕಿದರು, ಒಂದೂ ಕಾಣಲಿಲ್ಲ.

ಪೂಜೆ ಮುಗಿಸಿ ಗುಡಿಯ ಹಿಂದೆ ಬಂದು ನಿಂತೆವು. ಬೆಟ್ಟದ ಹುಲ್ಲು ಒಣಗಿ ಹೊಂಬಣ್ಣಕ್ಕೆ ತಿರುಗಿತ್ತು. 2019ರ ಫೆಬ್ರವರಿಯಲ್ಲಿ ಈ ಕಡೆಯೇ ಬೆಂಕಿ ಬಿದ್ದು ಸಾವಿರಾರು ಎಕರೆ ಸುಟ್ಟಿದ್ದು ನೆನಪಾಯಿತು. ಅವತ್ತು ನಮ್ಮೂರ ಮನೆ ಅಂಗಳದಲ್ಲೂ ಬೂದಿ ಬಿದ್ದಿತ್ತು. ತಾತ ಕೈ ಮಾಡಿ ಕೆಳಗೆ ತೋರಿಸಿದರು.

'ಡೈರೆಕ್ಟ್ರೇ, ಅಗೋ ಹೊಳೀತದಲ್ಲ, ಅದ್ಯಾವ ಕೆರೆ ಹೇಳಿ?'

ನೋಡಿದೆವು. ತಿಳಿಯಲಿಲ್ಲ.

'ನಿಮ್ಮೂರ ಕೆರೇನೆಯ. ಈ ಕಡೆ ಕಾಡೊಳಗಿನ ಕಟ್ಟೆ ಎಲ್ಲಾ ಬತ್ತೋಗವೆ. ಇಲ್ಲಿ ನಿಂತ ಆನೆಗೆ ಕಾಣೋದು ಅದೊಂದೇ ನೀರು. ಅದು ಕಳ್ಳ ಅಲ್ಲ, ಬಾಯಾರಿರೋದು.'

ನಮ್ಮೂರ ಕೆರೆಯನ್ನು ನಾವು ಆನೆಯ ಕಣ್ಣಿನಿಂದ ನೋಡಿದ್ದು ಅದೇ ಮೊದಲು. ಮಾತು ಬಾರದೆ ನಿಂತುಬಿಟ್ಟೆವು. ಹಿಂದಿನ ವರ್ಷ ತಾನೇ ಒಂದೇ ರಾತ್ರಿಯಲ್ಲಿ ನಮ್ಮ ಒಂದೂವರೆ ಎಕರೆ ರಾಗಿ ತುಳಿದು ಹೋಗಿತ್ತು. ಪರಿಹಾರದ ಅರ್ಜಿ ಹಿಡಿದು ಒಂದು ಕಚೇರಿಗೆ ಏಳು ಸಲ ಅಲೆದಿದ್ದೆವು. ಹೊಟ್ಟೆಯಲ್ಲಿ ಆ ಉರಿ ಇಟ್ಟುಕೊಂಡೇ ಬೆಟ್ಟ ಹತ್ತಿದ್ದೆವು.

ಬುತ್ತಿ ಉಂಡು ಮೇಲುಕಾಮನಹಳ್ಳಿ ಚೆಕ್‌ಪೋಸ್ಟ್ ದಾಟಿ ಬಂಡೀಪುರದ ಕಾಡು ಹೊಕ್ಕೆವು. ಎಲೆ ಉದುರಿದ ದಿಂಡಿಗ, ಮತ್ತಿ, ತೇಗ, ಅವುಗಳ ಕೆಳಗೆ ಎಲ್ಲಿ ನೋಡಿದರೂ ಲಂಟಾನದ ಪೊದೆ. ಈ ಪೊದೆ ಬಂದ ಮೇಲೆ ಹುಲ್ಲು ಕಡಿಮೆಯಾಯಿತು, ಹುಲ್ಲು ಕಡಿಮೆಯಾದ ಮೇಲೆ ಪ್ರಾಣಿಗೂ ಹೊಟ್ಟೆಗಿಲ್ಲ ಎಂದರು ತಾತ. ಹಾರ್ನ್ ಹೊಡೆಯಬಾರದು, ಗಾಡಿ ನಿಲ್ಲಿಸಬಾರದು, ಕೆಳಗಿಳಿಯಬಾರದು. ಜಿಂಕೆ ಹಿಂಡು, ಮುಸುವ, ನವಿಲು ಕಂಡವು. ಒಂದು ತಿರುವಿನಲ್ಲಿ ಕಾಟಿಗಳು, ಮೊಣಕಾಲವರೆಗೆ ಬಿಳಿ ಕಾಲುಚೀಲ ಹಾಕಿಕೊಂಡಂತೆ ನಿಂತಿದ್ದವು. ಮರಿಯಿದ್ದ ಹೆಣ್ಣಾನೆಯೊಂದು ರಸ್ತೆ ದಾಟುವವರೆಗೆ ಎರಡೂ ಕಡೆ ಗಾಡಿಗಳು ತಾವಾಗಿಯೇ ನಿಂತವು. ಹುಲಿ ಕಾಣಲಿಲ್ಲ. 'ನಾವು ಕಾಣಲಿಲ್ಲ ಅಷ್ಟೇಯ, ಅದು ನಮ್ಮನ್ನ ನೋಡಿರ್ತದ' ಎಂದರು ತಾತ.

ಈ ಕಾಡಿನ ಚರಿತ್ರೆ ಮೇಷ್ಟ್ರು ಹೇಳಿದ್ದು ಹೀಗಿದೆ. ಮೊದಲು ಇದು ಮೈಸೂರು ಮಹಾರಾಜರ ಬೇಟೆಯ ಕಾಡು. 1931ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ 90 ಚದರ ಕಿಲೋಮೀಟರ್ ಜಾಗವನ್ನು ಪ್ರಾಣಿಗಳಿಗಾಗಿ ಕಾದಿರಿಸಿದರು. 1941ರಲ್ಲಿ ಅದನ್ನು ಸುಮಾರು 800 ಚದರ ಕಿಲೋಮೀಟರಿಗೆ ಹಿಗ್ಗಿಸಿ ಬೆಟ್ಟದ ದೇವರ ಹೆಸರಲ್ಲೇ ವೇಣುಗೋಪಾಲ ವನ್ಯಜೀವಿಧಾಮ ಎಂದು ಕರೆದರು. 1973ರಲ್ಲಿ ಕೇಂದ್ರ ಸರ್ಕಾರ ಹುಲಿ ಯೋಜನೆ ತಂದಾಗ ದೇಶದಲ್ಲಿ ಮೊದಲು ಆರಿಸಿದ ಒಂಬತ್ತು ಕಾಡುಗಳಲ್ಲಿ ಕರ್ನಾಟಕದ್ದು ಇದೊಂದೇ. ಹುಲಿ ಅಂದು ಬೆರಳೆಣಿಕೆಯಷ್ಟಿದ್ದವು. 2022ರ ಗಣತಿಯಲ್ಲಿ 150 ಎಂದು ಬಂದಿದೆ. 2023ರ ಎಣಿಕೆಯಲ್ಲಿ ಬಂಡೀಪುರದ ಆನೆಗಳೇ 1116.

ಆನೆಯನ್ನು ಹಿಡಿದು ಪಳಗಿಸುವ ಖೆಡ್ಡಾ ಮೈಸೂರು ಸಂಸ್ಥಾನದಲ್ಲಿ ಹೆಸರಾದದ್ದೂ ನಮ್ಮ ಜಿಲ್ಲೆಯಿಂದಲೇ. ಸ್ಯಾಂಡರ್ಸನ್ ಎಂಬ ಇಂಗ್ಲಿಷ್ ಅಧಿಕಾರಿ 1874ರಲ್ಲಿ ಚಾಮರಾಜನಗರದ ಕಡೆ, ಬಿಳಿಗಿರಿರಂಗನ ಬೆಟ್ಟದ ತಪ್ಪಲಲ್ಲಿ, ಐವತ್ತಕ್ಕೂ ಹೆಚ್ಚು ಆನೆಗಳನ್ನು ಒಂದೇ ಸಲಕ್ಕೆ ಹಿಡಿದ. ಕಾಕನಕೋಟೆಯ ಕೊನೆಯ ಖೆಡ್ಡಾ 1971ರಲ್ಲಿ ನಡೆಯಿತು. ಮರು ವರ್ಷ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು, ಬೇಟೆಯೂ ನಿಂತಿತು.

ತಾತ ಇದನ್ನೆಲ್ಲ ಕೇಳುತ್ತಾ ಕಿಟಕಿಯಾಚೆ ನೋಡುತ್ತಿದ್ದರು. ಹುಲಿ ಯೋಜನೆ ಬಂದ ಮೇಲೆ ಕಾಡೊಳಗಿನ ಹಾಡಿಗಳು ಕಾಡಂಚಿಗೆ ಬಂದವು. ಇವರ ಹಾಡಿಯೂ ಅದರಲ್ಲೊಂದು. 'ಅಲ್ಲಿ ನಮ್ಮ ದೇವರ ಕಲ್ಲದೆ' ಎಂದು ಒಂದು ಕಡೆ ಬೆರಳು ತೋರಿಸಿ ಸುಮ್ಮನಾದರು. ಪಟ್ಟಿಯಲ್ಲಿ ಹುಲಿಯ ಲೆಕ್ಕವಿದೆ, ಆನೆಯ ಲೆಕ್ಕವಿದೆ. ಕಾಡಿಗಾಗಿ ಮನೆ ಬಿಟ್ಟವರ ದುಃಖದ ಲೆಕ್ಕ ಯಾವ ಪಟ್ಟಿಯಲ್ಲೂ ಇಲ್ಲ ಎಂದು ನಮಗೆ ಅನ್ನಿಸಿತು.

ತಮಿಳುನಾಡು ಗಡಿಯ ಕೆಕ್ಕನಹಳ್ಳದವರೆಗೆ ಹೋಗಿ ಹಿಂದಿರುಗಿದೆವು. ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಈ ರಸ್ತೆಗಳಲ್ಲಿ ಗಾಡಿ ಬಿಡುವುದಿಲ್ಲ. 2009ರಲ್ಲಿ ಬಂದ ಈ ನಿಯಮದ ಬಗ್ಗೆ ನಮ್ಮಲ್ಲೂ ತರಕಾರಿ ಸಾಗಿಸುವವರು ಗೊಣಗಿದ್ದುಂಟು. ಗಾಡಿಗೆ ಸಿಕ್ಕಿ ಸತ್ತ ಪ್ರಾಣಿಗಳನ್ನು ಹೂಳಿದ ತಾತನ ಬಾಯಿಂದ ಕೇಳಿದ ಮೇಲೆ ಆ ಗೊಣಗು ನಿಂತಿತು.

ಊರಿಗೆ ಬಂದಾಗ ಇನ್ನೂ ಬೆಳಕಿತ್ತು. ತಾತ ನಮ್ಮ ಹೊಲದ ತಲೆಯಲ್ಲೇ ಬಸ್ಸು ನಿಲ್ಲಿಸಿದರು. ಸೋಲಾರ್ ತಂತಿ ಬೇಲಿಯ ಹತ್ತಿರ ಕರೆದುಕೊಂಡು ಹೋಗಿ, 'ಇಲ್ಲಿ ತಂತಿ ಬಿಚ್ಚಿರೋದು ಆನೆಯಲ್ಲ' ಎಂದರು. ಅದು ನಿಜ. ಸದಸ್ಯ ಬಂಧುಗಳ ಮುಂದೆ ಮುಚ್ಚಿಟ್ಟು ಫಲವಿಲ್ಲ. ಮೇವಿಲ್ಲದ ಕಾಲದಲ್ಲಿ ಹಸು ಅತ್ತ ಬಿಡಲೆಂದು ಆ ತಂತಿ ಬಿಚ್ಚಿದವರು ನಾವೇ, ನಮ್ಮ ಜೊತೆ ಇನ್ನೂ ನಾಲ್ಕು ಮನೆಯವರು. ಕೆಳಗೆ ಬೆಳೆದ ಗಿಡ ತಂತಿಗೆ ತಾಗಿ ಕರೆಂಟು ಹಿಡಿಯದಿದ್ದರೂ ಕಡಿಯಲು ಯಾರೂ ಹೋಗಿರಲಿಲ್ಲ. ನಮ್ಮ ಹಸು ಹೋದ ಕಿಂಡಿಯಲ್ಲೇ ಆನೆ ಬಂತು. ರಾಗಿ ಹೋದದ್ದಕ್ಕೆ ಏಳು ಸಲ ಕಚೇರಿಗೆ ಹೋದ ನಾವು ಒಂದು ಸಲವೂ ಆ ಕಿಂಡಿಯ ಹತ್ತಿರ ಹೋಗಿರಲಿಲ್ಲ.

ನಮ್ಮ ಕಷ್ಟ ಸುಳ್ಳೆಂದು ಇದರ ಅರ್ಥವಲ್ಲ. ರೈತನ ಬೆಳೆ ಹೋದರೆ ತಕ್ಕ ಪರಿಹಾರ ತಕ್ಕ ಕಾಲಕ್ಕೆ ಬರಲೇಬೇಕು. ನಮ್ಮ ತಾಲ್ಲೂಕಿನಲ್ಲಿ ಹುಲಿ ಬಾಯಿಗೆ ಸಿಕ್ಕಿ ಪ್ರಾಣ ಬಿಟ್ಟ ರೈತರಿದ್ದಾರೆ, ಅವರ ಮನೆಯವರ ಮುಂದೆ ಕಾಡಿನ ಚೆಂದ ಹೇಳಲು ಯಾರಿಗೂ ಬಾಯಿ ಬರುವುದಿಲ್ಲ. ಆದರೆ ನಮ್ಮ ಕೈಯಲ್ಲಿರುವ ಕೆಲಸ ನಾವು ಮಾಡಿಕೊಳ್ಳಬೇಕು. 1905ರಲ್ಲಿ ಗದಗಿನ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದಾಗ ಹೇಳಿಕೊಟ್ಟದ್ದು ಇದೇ ಅಲ್ಲವೆ? ಬಂಡೀಪುರದ ಸುತ್ತ 'ನಮ್ಮ ಸಂಘ' ಎಂಬುದು ಸಾವಿರಾರು ಮನೆಗಳಿಗೆ ಗ್ಯಾಸ್ ಒಲೆ ಮುಟ್ಟಿಸಿ, ಕಾಡಿಗೆ ಸೌದೆಗೆ ಹೋಗುವುದನ್ನು ಕಡಿಮೆ ಮಾಡಿದ್ದೂ ಹತ್ತಾರು ಜನ ಕೂಡಿದ್ದರಿಂದಲೇ.

ಪ್ರವಾಸದ ಮರು ವಾರ ಡೇರಿಯ ಜಗುಲಿಯ ಮೇಲೆ ಕುಳಿತು ಮಾತಾಡಿದೆವು. ತಂತಿ ಸರಿಪಡಿಸುವುದು, ನಾಲ್ಕು ನಾಲ್ಕು ಮನೆಯವರು ಸರದಿಯ ಮೇಲೆ ಬೇಲಿಯ ಕೆಳಗಿನ ಗಿಡ ಸವರುವುದು, ಹೊಲದ ಬದುವಿನಲ್ಲಿ ಮೇವಿನ ಹುಲ್ಲು ಹಾಕಿಕೊಳ್ಳುವುದು ಎಂದು ಒಪ್ಪಿಕೊಂಡೆವು. ಎಲ್ಲರೂ ನಡೆಸಿದರೆಂದು ಹೇಳಲಾರೆವು. ಕೆಲವು ಮನೆಯವರು ಸರದಿ ತಪ್ಪಿಸಿದರು, ಜಗಳವೂ ಆಯಿತು. ಆದರೂ ಆ ವರ್ಷದ ರಾಗಿ ನಮ್ಮ ಕಣಕ್ಕೆ ಬಂತು.

ಆನೆ ಈಗಲೂ ಬರುತ್ತದೆ. ಬೇಲಿಯಾಚೆ ನಿಂತು ಹೋದ ಹೆಜ್ಜೆ ಬೆಳಿಗ್ಗೆ ಕಾಣುತ್ತದೆ. ಹೆಜ್ಜೆ ಕಂಡಾಗಲೆಲ್ಲ ಬೆಟ್ಟದ ಮೇಲಿಂದ ಕಂಡ ನಮ್ಮೂರ ಕೆರೆ ನೆನಪಾಗುತ್ತದೆ. ದೊರೆಗಳು ಬಂದರು, ಹೋದರು. ಈ ಒಣ ನೆಲದಲ್ಲಿ ಉಳಿದವರು ನಾವು, ನಮ್ಮ ಹಸು, ಆ ಕಾಡು. ಮುಂದಿನ ಇಪ್ಪತ್ತೈದು ವರ್ಷದ ಸಂಚಿಕೆ ಬರೆಯುವವರಿಗೂ ಈ ಮೂರೂ ಉಳಿದಿರಲಿ ಎಂದು ಗೋಪಾಲಸ್ವಾಮಿಯನ್ನು ಬೇಡಿಕೊಳ್ಳುತ್ತೇವೆ.

ಜೈ ಸಹಕಾರ.