ಇ-ಪುಸ್ತಕದ ಹಕ್ಕು ಯಾರದು? ಸಣ್ಣ ಪ್ರಕಾಶಕರೊಡನೆ ಸಹಿ ಹಾಕುವ ಮುನ್ನ

ಮುಳಬಾಗಿಲು: ಸಮೀಪದ ಕುರುಡುಮಲೆಗೆ ಬರುವ ಯಾತ್ರಿಕರು ಏಕಶಿಲಾ ಗಣಪನನ್ನೂ ಸೋಮೇಶ್ವರ ದೇಗುಲವನ್ನೂ ಕಂಡು ಹಿಂದಿರುಗುತ್ತಾರೆ. ಈ ಊರಿನ ಚರಿತ್ರೆಯನ್ನು ಸ್ಥಳೀಯ ಲೇಖಕರೊಬ್ಬರು ಬರೆದು, ಜಿಲ್ಲೆಯ ಸಣ್ಣ ಪ್ರಕಾಶಕರೊಬ್ಬರು ಸಾವಿರ ಪ್ರತಿ ಅಚ್ಚು ಹಾಕಿಸಿದರೆನ್ನಿ. ಪ್ರತಿಗಳು ಮುಗಿದ ಮೇಲೆ ಅದೇ ಪುಸ್ತಕವನ್ನು ಮೊಬೈಲ್‌ನಲ್ಲಿ ಓದುವಂತೆ ಮಾಡಿ ಮಾರುವ ಅಧಿಕಾರ ಯಾರಿಗೆ ಸೇರಿದ್ದು? ಬೆಂಗಳೂರಿನ ಲೇಖಕರಿಗೂ ಬೀದರಿನ ಲೇಖಕರಿಗೂ ಇದೇ ಪ್ರಶ್ನೆ. ಉತ್ತರ ಮಾತ್ರ ಬಹುತೇಕರು ಊಹಿಸಿಕೊಂಡಿರುವುದಕ್ಕಿಂತ ಲೇಖಕರಿಗೆ ಹೆಚ್ಚು ಅನುಕೂಲಕರವಾಗಿದೆ.

ಭಾರತದ ಕೃತಿಸ್ವಾಮ್ಯ ಕಾಯಿದೆ 1957ರದು. ಅದರ 17ನೇ ಕಲಮಿನಂತೆ ಕೃತಿಯ ಮೊದಲ ಒಡೆಯ ಸಾಮಾನ್ಯವಾಗಿ ಲೇಖಕನೇ. 19ನೇ ಕಲಮಿನ ಪ್ರಕಾರ ಬರಹದಲ್ಲಿರದ, ಲೇಖಕನ ಸಹಿಯಿಲ್ಲದ ಹಕ್ಕು ವರ್ಗಾವಣೆಗೆ ಬೆಲೆಯಿಲ್ಲ. ಯಾವ ಕೃತಿ, ಯಾವ ಯಾವ ಹಕ್ಕು, ಎಷ್ಟು ಕಾಲಕ್ಕೆ, ಯಾವ ಪ್ರದೇಶಕ್ಕೆ ಎಂಬುದು ಅದರಲ್ಲಿ ನಮೂದಾಗಿರಬೇಕು. ನಮ್ಮ ಸಣ್ಣ ಪ್ರಕಾಶನಗಳಲ್ಲಿ ಎಷ್ಟೋ ಪುಸ್ತಕಗಳು ಬಾಯಿಮಾತಿನ ಮೇಲೆ, ಸ್ನೇಹದ ಮೇಲೆ ಹೊರಬಂದಂಥವು. ಲೇಖಕರಿಗೆ ಸಂದದ್ದು ಕೆಲವು ಗೌರವ ಪ್ರತಿಗಳು. ಇಂಥ ಪುಸ್ತಕಗಳ ಇ-ಹಕ್ಕು ಪ್ರಕಾಶಕರಿಗೆ ವರ್ಗವಾಗಿದೆ ಎಂದು ಹೇಳಲು ಕಾನೂನಿನ ಆಧಾರವಿಲ್ಲ. ಪುಸ್ತಕದ ಎರಡನೆಯ ಪುಟದಲ್ಲಿ ‘ಹಕ್ಕುಗಳು: ಲೇಖಕರವು’ ಎಂದು ಅಚ್ಚಾಗಿದ್ದರಂತೂ ಮಾತೇ ಬೇಡ.

ಒಪ್ಪಂದವಿದ್ದೂ ಅದರಲ್ಲಿ ಅವಧಿ ಬರೆದಿರದಿದ್ದರೆ ಅದು ಐದು ವರ್ಷಕ್ಕೆ ಸೀಮಿತ. ಪ್ರದೇಶ ಹೇಳಿರದಿದ್ದರೆ ಭಾರತಕ್ಕಷ್ಟೇ. ಪಡೆದ ಹಕ್ಕನ್ನು ಪ್ರಕಾಶಕರು ಒಂದು ವರ್ಷದೊಳಗೆ ಬಳಸದಿದ್ದರೆ, ಒಪ್ಪಂದದಲ್ಲಿ ಬೇರೆ ಮಾತಿಲ್ಲದ ಪಕ್ಷದಲ್ಲಿ, ಅದು ಲೇಖಕರಿಗೆ ಮರಳುತ್ತದೆ. ಇ-ಹಕ್ಕು ಬರೆಸಿಕೊಂಡು ಪೆಟ್ಟಿಗೆಯಲ್ಲಿಟ್ಟು ಕುಳಿತ ಪ್ರಕಾಶಕರಿಗೆ ಈ ನಿಯಮ ಅನ್ವಯಿಸುತ್ತದೆ. ಆದರೆ ಈ ಮೂರೂ ನಿಯಮಗಳು 1994ರ ತಿದ್ದುಪಡಿಯಿಂದ ಬಂದವು. ಆ ತಿದ್ದುಪಡಿ ಜಾರಿಯಾಗುವ ಮೊದಲಿನ ಒಪ್ಪಂದಗಳಿಗೆ ಅನ್ವಯಿಸವು.

<b>ಹೊಸ ಮಾಧ್ಯಮ, ಹಳೆಯ ಒಪ್ಪಂದ</b>

2012ರ ಜೂನ್ 21ರಂದು ಜಾರಿಗೆ ಬಂದ ತಿದ್ದುಪಡಿ 18ನೇ ಕಲಮಿಗೆ ಇನ್ನೊಂದು ಷರತ್ತನ್ನು ಸೇರಿಸಿತು. ಒಪ್ಪಂದದ ಕಾಲಕ್ಕೆ ಇಲ್ಲದಿದ್ದ, ಅಥವಾ ವ್ಯಾಪಾರಕ್ಕೆ ಬಂದಿರದ ಮಾಧ್ಯಮವನ್ನು ಹೆಸರಿಸಿ ಬರೆದಿರದ ಹೊರತು ಆ ಮಾಧ್ಯಮದ ಹಕ್ಕು ವರ್ಗವಾಗದು. ಇಲ್ಲೊಂದು ಎಚ್ಚರಿಕೆ ಅಗತ್ಯ. ಇ-ಪುಸ್ತಕ ಇಂದು ಹೊಸ ಮಾಧ್ಯಮವಲ್ಲ. ಆದ್ದರಿಂದ ಈಗ ಸಹಿ ಹಾಕುವ ಒಪ್ಪಂದದಲ್ಲಿ ‘ಎಲ್ಲ ಮಾಧ್ಯಮಗಳ ಎಲ್ಲ ಹಕ್ಕುಗಳು’ ಎಂಬ ಒಂದು ಸಾಲಿದ್ದರೆ ಈ ಷರತ್ತು ಲೇಖಕರನ್ನು ಕಾಯಲಾರದು. ಅನೇಕರು ಓದದೆ ದಾಟಿಬಿಡುವ ಸಾಲೂ ಅದೇ.

ಪದಗಳ ತೂಕ ಎಷ್ಟೆಂಬುದಕ್ಕೆ ಅಮೆರಿಕದ ಎರಡು ಮೊಕದ್ದಮೆಗಳು ಸಾಕ್ಷಿ. ರ‍್ಯಾಂಡಮ್ ಹೌಸ್ ಸಂಸ್ಥೆ ರೊಸೆಟ್ಟಾ ಬುಕ್ಸ್ ಮೇಲೆ ಹೂಡಿದ್ದ ದಾವೆಯಲ್ಲಿ 2001ರಲ್ಲಿ ನ್ಯೂಯಾರ್ಕ್‌ನ ನ್ಯಾಯಾಲಯವು, ‘ಪುಸ್ತಕ ರೂಪದಲ್ಲಿ’ ಪ್ರಕಟಿಸುವ ಹಕ್ಕಿನೊಳಗೆ ಇ-ಪುಸ್ತಕ ಸೇರುವುದಿಲ್ಲ ಎಂದು ಕಂಡು ತಡೆಯಾಜ್ಞೆ ನಿರಾಕರಿಸಿತು. ಕರ್ಟ್ ವಾನೆಗಟ್, ವಿಲಿಯಂ ಸ್ಟೈರನ್ ಮೊದಲಾದವರ ಕೃತಿಗಳ ಪ್ರಶ್ನೆಯದು. 2014ರಲ್ಲಿ ಹಾರ್ಪರ್ ಕಾಲಿನ್ಸ್ ಮತ್ತು ಓಪನ್ ರೋಡ್ ನಡುವಣ ವ್ಯಾಜ್ಯದಲ್ಲಿ ತೀರ್ಪು ತಿರುಗಿತು. 1971ರ ಆ ಒಪ್ಪಂದದಲ್ಲಿ ಗಣಕಯಂತ್ರದ ಮೂಲಕ ಬಳಕೆಯ ಮಾತು ಇತ್ತು. ಅಷ್ಟರಿಂದಲೇ ಪ್ರಕಾಶಕರು ಗೆದ್ದರು. ಇವು ನಮ್ಮ ನ್ಯಾಯಾಲಯಗಳನ್ನು ಕಟ್ಟಿಹಾಕುವ ತೀರ್ಪುಗಳಲ್ಲ, ಆದರೆ ವಾದದ ದಾರಿ ಇದೇ.

<b>ಕನ್ನಡದ ಮಾರುಕಟ್ಟೆ</b>

2016ರ ಡಿಸೆಂಬರ್‌ನಲ್ಲಿ ಅಮೆಜಾನ್ ತನ್ನ ಕಿಂಡಲ್‌ಗೆ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಪುಸ್ತಕಗಳನ್ನು ತಂದಾಗ ಕನ್ನಡ ಆ ಪಟ್ಟಿಯಲ್ಲಿರಲಿಲ್ಲ. ಗೂಗಲ್ ಪ್ಲೇ ಬುಕ್ಸ್‌ನ ಜೊತೆಗೆ, 2020ರಲ್ಲಿ ಆರಂಭವಾದ ಮೈಲ್ಯಾಂಗ್‌ನಂಥ ಕನ್ನಡದ್ದೇ ವೇದಿಕೆಗಳು ಈ ಕೊರತೆಯನ್ನು ತುಂಬಲು ಹೊರಟವು. ಹೀಗಾಗಿ ಹಳೆಯ ಪುಸ್ತಕಗಳ ಇ-ಹಕ್ಕಿಗೆ ಈಗ ಬೆಲೆ ಬಂದಿದೆ.

ಹಕ್ಕು ಲೇಖಕರದೇ ಆದರೂ ಕಡತ ಪ್ರಕಾಶಕರ ಬಳಿ ಇರುತ್ತದೆ. ಅದು ಹಳೆಯ ಪೇಜ್‌ಮೇಕರ್‌ನಲ್ಲಿ, ಯುನಿಕೋಡ್ ಅಲ್ಲದ ಅಕ್ಷರಗಳಲ್ಲಿ ಕೂಡಿಸಿದ್ದು. ಯುನಿಕೋಡ್‌ಗೆ ಬದಲಿಸುವಾಗ ಒತ್ತಕ್ಷರ, ಅರ್ಕಾವತ್ತುಗಳು ಅಸ್ತವ್ಯಸ್ತವಾಗುತ್ತವೆ. ಕರಡನ್ನು ಮತ್ತೆ ತಿದ್ದಬೇಕು. ಈ ಖರ್ಚನ್ನು ಹೊರುವವರು ಯಾರೆಂಬುದು ಒಪ್ಪಂದದಲ್ಲೇ ತೀರ್ಮಾನವಾಗಲಿ. ಮುಖಪುಟದ ಚಿತ್ರದ ಹಕ್ಕು ಕಲಾವಿದರದ್ದಾಗಿರಬಹುದು, ಅವರ ಒಪ್ಪಿಗೆ ಬೇರೆ. ಇ-ಆವೃತ್ತಿಗೆ ಪ್ರತ್ಯೇಕ ಐಎಸ್‌ಬಿಎನ್ ಬೇಕು.

ಸಣ್ಣ ಪ್ರಕಾಶಕರನ್ನು ಖಳರಂತೆ ಕಾಣುವುದು ಸಲ್ಲದು. ಗ್ರಂಥಾಲಯ ಇಲಾಖೆಯ ಖರೀದಿಯನ್ನೇ ನೆಚ್ಚಿ ಕೈಯಿಂದ ಹಣ ಹಾಕುವವರು ಅವರು. ಇ-ಹಕ್ಕನ್ನು ಶಾಶ್ವತವಾಗಿ ಬರೆದುಕೊಡುವ ಬದಲು ಮೂರು ವರ್ಷದ ಪರವಾನಗಿ ನೀಡುವುದು ಇಬ್ಬರಿಗೂ ಕ್ಷೇಮ. ರಾಯಧನವನ್ನು ಮುಖಬೆಲೆಯ ಮೇಲೆ ಲೆಕ್ಕ ಹಾಕಬೇಕೋ, ವೇದಿಕೆ ತನ್ನ ಪಾಲು ಕಳೆದು ಕೊಡುವ ಮೊತ್ತದ ಮೇಲೋ ಎಂಬುದು ಸ್ಪಷ್ಟವಿರಲಿ. ಜಗಳ ಹುಟ್ಟುವುದು ಇಲ್ಲೇ. ಅಚ್ಚಿನ ಪ್ರತಿಗಳು ಮುಗಿದರೆ ಮುದ್ರಣದ ಹಕ್ಕು ಮರಳಬೇಕೆಂಬ ಷರತ್ತಿದ್ದಲ್ಲಿ, ಇ-ಪ್ರತಿ ಲಭ್ಯವಿದೆಯೆಂಬ ನೆಪದಿಂದ ಅದನ್ನು ತಡೆಯಲಾಗದಂತೆಯೂ ಬರೆಸಬೇಕು. ಧ್ವನಿಪುಸ್ತಕಕ್ಕೆ ಬೇರೆಯೇ ಸಾಲು ಇರಲಿ. 2012ರ ತಿದ್ದುಪಡಿಯ ನಂತರ ಪರವಾನಗಿಗೆ ಬರಹ ಸಾಕು, ಸಹಿ ಕಡ್ಡಾಯವಲ್ಲ. ಆದಕಾರಣ ಇ-ಮೇಲ್‌ನಲ್ಲಿ ‘ಆಗಲಿ’ ಎಂದು ಉತ್ತರಿಸುವ ಮುನ್ನವೂ ಯೋಚಿಸಬೇಕು.

ಷರತ್ತು ತೀರ ಕಠಿಣವಾಗಿದ್ದರೆ 19ಎ ಕಲಮಿನಡಿ ದೂರು ಸಲ್ಲಿಸಬಹುದು. 2021ರ ಕಾನೂನು ಬದಲಾವಣೆಯಿಂದ ಇದು ವಾಣಿಜ್ಯ ನ್ಯಾಯಾಲಯದ ವ್ಯಾಪ್ತಿಗೆ ಬಂತು. ಆದರೆ ಒಪ್ಪಂದವಾಗಿ ಐದು ವರ್ಷ ತುಂಬುವ ತನಕ ವರ್ಗಾವಣೆಯನ್ನು ರದ್ದು ಮಾಡುವ ಆದೇಶ ಸಿಗದು.

<b>ವಾರಸುದಾರರ ಪಾಲು</b>

ಕೃತಿಸ್ವಾಮ್ಯ ಲೇಖಕನ ಮರಣಾನಂತರವೂ 60 ವರ್ಷ ಉಳಿಯುತ್ತದೆ. ಲೆಕ್ಕ ಮರುವರ್ಷದ ಆರಂಭದಿಂದ. ಮುಳಬಾಗಿಲಿನಲ್ಲಿ ಹುಟ್ಟಿದ ಡಿ.ವಿ. ಗುಂಡಪ್ಪನವರು ನಿಧನರಾದದ್ದು 1975ರಲ್ಲಿ. ಅವರ ಜೀವಿತಕಾಲದಲ್ಲಿ ಪ್ರಕಟವಾದ ಕೃತಿಗಳು 2036ರ ಜನವರಿ 1ರಂದು ಮುಕ್ತವಾಗುತ್ತವೆ. ಮಾಲೂರು ತಾಲ್ಲೂಕಿನ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು 1986ರಲ್ಲಿ ತೀರಿಕೊಂಡರು. ಅವರ ಕೃತಿಗಳಿಗೆ 2047ರವರೆಗೆ ಕಾಯಬೇಕು. ವಾಟ್ಸ್‌ಆ್ಯಪ್‌ನಲ್ಲಿ ಪಿಡಿಎಫ್ ಹರಿದಾಡಿದ ಮಾತ್ರಕ್ಕೆ ಯಾವ ಪುಸ್ತಕವೂ ಮುಕ್ತವಾಗುವುದಿಲ್ಲ. ಇದಕ್ಕೆ ಪ್ರತಿಯಾಗಿ, ಬಿ.ಎಲ್. ರೈಸ್ 1905ರಲ್ಲಿ ಹೊರತಂದ ಕೋಲಾರ ಜಿಲ್ಲೆಯ ಶಾಸನ ಸಂಪುಟ ಎಂದೋ ಮುಕ್ತವಾಗಿದೆ. ಸ್ಥಳಚರಿತ್ರೆ ಬರೆಯುವವರು ಅದನ್ನು ನಿರಾತಂಕವಾಗಿ ಬಳಸಬಹುದು.

ಅವಧಿ ಮುಗಿಯುವವರೆಗೆ ಕಾಯಲೇಬೇಕೆಂದೇನೂ ಇಲ್ಲ. 1992ರಲ್ಲಿ ನಿಧನರಾದ ನಿರಂಜನರ ಕೃತಿಗಳನ್ನು ಅವರ ಕುಟುಂಬ 2014ರಲ್ಲಿ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಬಿಡುಗಡೆ ಮಾಡಿತು. ಹಕ್ಕು ಕುಟುಂಬದ ಕೈಯಲ್ಲೇ ಉಳಿದಿದ್ದರಿಂದ ಆ ತೀರ್ಮಾನ ಸಾಧ್ಯವಾಯಿತು.